ಬೆಂಗಳೂರಿನ ಲಿನಕ್ಸ್ ಬಳಗ ಕಟ್ಟಿದ ಮೇಳ

ತಿಪಟೂರು ಮಾರುಕಟ್ಟೆಯಲ್ಲಿ ಇವತ್ತು ಕ್ವಿಂಟಲ್ ಕೊಬ್ಬರಿಗೆ ಎಷ್ಟಾಯಿತು ಎಂಬುದು ಈಗ ಚಿಕ್ಕನಾಯಕನಹಳ್ಳಿಯ ಬೆಳೆಗಾರರಿಗೆ ತೋಟದಲ್ಲಿ ನಿಂತಲ್ಲೇ ಗೊತ್ತಾಗುತ್ತದೆ. ಜೇಬಿನಿಂದ ಮೊಬೈಲ್ ತೆಗೆದರೆ ಸಾಕು. ಅದು ಆಂಡ್ರಾಯ್ಡ್ ಮೊಬೈಲ್ ಆಗಿದ್ದರೆ ಅದರ ಒಡಲಲ್ಲಿ ದುಡಿಯುತ್ತಿರುವುದು ಲಿನಕ್ಸ್. ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರ ಆಗಸ್ಟ್ 25ರಂದು, ಹವ್ಯಾಸಕ್ಕೆಂದು ಒಂದು ಕಾರ್ಯಾಚರಣ ವ್ಯವಸ್ಥೆ ಬರೆಯುತ್ತಿದ್ದೇನೆ ಎಂದು ಜಗತ್ತಿಗೆ ತಿಳಿಸಿದ್ದರು. ಅದೇ ಈಗ ಕೋಟ್ಯಂತರ ಕೈಗಳಲ್ಲಿದೆ. ಇಪ್ಪತ್ತೈದು ವರ್ಷದ ಹಿಂದೆ ನಮ್ಮ ನಾಡಿನಲ್ಲಿ ಅದರ ಹೆಸರು ಕೇಳಿದವರೇ ಕಡಿಮೆ. ಕಂಪ್ಯೂಟರ್ ಎಂದರೆ ವಿಂಡೋಸ್ ಎಂದೇ ಎಲ್ಲರ ತಿಳಿವಳಿಕೆ. ಅಂಥ ಹೊತ್ತಿನಲ್ಲಿ ಲಿನಕ್ಸನ್ನು ಮೇಜಿನ ಮೇಲಿಟ್ಟು ಹತ್ತು ಜನಕ್ಕೆ ತೋರಿಸಿದ್ದು ಯಾವ ಕಂಪನಿಯೂ ಅಲ್ಲ. ಸಂಬಳವಿಲ್ಲದೆ ದುಡಿದ ಒಂದು ಬಳಗ: ಬೆಂಗಳೂರು ಲಿನಕ್ಸ್ ಯೂಸರ್ ಗ್ರೂಪ್.

ಆಗಿನ ಕಷ್ಟ ಇವತ್ತಿನ ಹುಡುಗರಿಗೆ ಊಹೆಗೂ ಸಿಗಲಾರದು. ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಟೆಲಿಫೋನ್ ತಂತಿಗೆ ಮೋಡೆಮ್ ಜೋಡಿಸಬೇಕು. ಒಂದು ಸಿಡಿಯಷ್ಟು, ಅಂದರೆ 650 ಎಂಬಿ ತಂತ್ರಾಂಶವನ್ನು 28.8 ಕಿಲೋಬಿಟ್ ವೇಗದಲ್ಲಿ ಇಳಿಸಿಕೊಳ್ಳಲು ತಂತಿ ಎಲ್ಲೂ ಕಡಿಯದಿದ್ದರೂ ಸುಮಾರು 50 ಗಂಟೆ ಹಿಡಿಯುತ್ತದೆ. ಆದ್ದರಿಂದ 1996ರಲ್ಲಿ ‘ಪಿಸಿ ಕ್ವೆಸ್ಟ್’ ಪತ್ರಿಕೆ ತನ್ನ ಸಂಚಿಕೆಯ ಜೊತೆ ಲಿನಕ್ಸ್ ಸಿಡಿಯನ್ನೇ ಹಂಚಿದ್ದು ದೊಡ್ಡ ಸಂಗತಿ. ಪತ್ರಿಕೆ ಕೊಂಡವರ ಮನೆಗೆ ಲಿನಕ್ಸ್ ತಾನಾಗಿಯೇ ಬಂತು.

ಆ ಕೆಲಸದ ಹಿಂದೆ ಇದ್ದವರಲ್ಲಿ ಅತುಲ್ ಚಿಟ್ನಿಸ್ ಮುಖ್ಯರು. ಹುಟ್ಟಿದ್ದು ಬರ್ಲಿನ್‌ನಲ್ಲಿ, ಎಂಜಿನಿಯರಿಂಗ್ ಓದಿದ್ದು ನಮ್ಮ ಬೆಳಗಾವಿಯ ಗೋಗಟೆ ಕಾಲೇಜಿನಲ್ಲಿ. ಇಂಟರ್ನೆಟ್ ಬರುವ ಮೊದಲೇ ಬೆಂಗಳೂರಿನಲ್ಲಿ ಫೋನ್ ತಂತಿಯ ಮೂಲಕ ಸಂದೇಶ ಹಂಚಿಕೊಳ್ಳುವ ‘ಸಿಐಎಕ್ಸ್’ ಎಂಬ ವ್ಯವಸ್ಥೆ ನಡೆಸಿದವರು. ಗಿಟಾರ್ ನುಡಿಸುತ್ತಿದ್ದರು, ಪತ್ರಿಕೆಗೆ ಬರೆಯುತ್ತಿದ್ದರು. ಲಿನಕ್ಸ್ ಬಳಗದ ಅನೇಕರಿಗೆ ಅವರು ಹಿರಿಯಣ್ಣನಂತಿದ್ದರು.

ಸಿಡಿ ಮನೆಗೆ ಬಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ, ಅಲ್ಲಿಂದಲೇ ಶುರುವಾಯಿತು. ಮಾನಿಟರಿನ ಅಳತೆ ತಪ್ಪಿದರೆ ಪರದೆ ಕಪ್ಪಾಗಿ ಕೂರುತ್ತಿತ್ತು. ಕೆಲವು ಅಗ್ಗದ ಮೋಡೆಮ್‌ಗಳು ವಿಂಡೋಸ್ ಬಿಟ್ಟರೆ ಬೇರೆಯದಕ್ಕೆ ಓಗೊಡುತ್ತಲೇ ಇರಲಿಲ್ಲ. ಹಾರ್ಡ್ ಡಿಸ್ಕ್ ಪಾಲು ಮಾಡುವಾಗ ಕೈತಪ್ಪಿದರೆ ಮನೆಯ ಲೆಕ್ಕಪತ್ರವೆಲ್ಲ ಅಳಿಸಿಹೋಗುವ ಭಯ ಬೇರೆ. ಪುಸ್ತಕ ಓದಿ ಇದನ್ನು ಕಲಿಯುವುದು ಕಷ್ಟ. ಪಕ್ಕದಲ್ಲಿ ಒಬ್ಬರು ಕುಳಿತು ‘ಇಲ್ಲಿ ಒತ್ತು, ಈಗ ಕಾಯಿ’ ಎನ್ನಬೇಕು. ಲಿನಕ್ಸ್ ಬಳಗಗಳು ಎಲ್ಲೆಡೆ ‘ಇನ್‌ಸ್ಟಾಲ್‌ಫೆಸ್ಟ್’ ನಡೆಸಿದ್ದು ಇದಕ್ಕೇ. ಬಂದವರು ತಮ್ಮ ಸಿಪಿಯು ಪೆಟ್ಟಿಗೆಯನ್ನೇ ಹೊತ್ತು ತರಬೇಕು, ಗೊತ್ತಿದ್ದವರು ಅದಕ್ಕೆ ಲಿನಕ್ಸ್ ಹಾಕಿಕೊಡಬೇಕು. ಸಂಜೆ ಪೆಟ್ಟಿಗೆ ಹೊತ್ತು ಮರಳುವವನು ಮುಂದಿನ ಸಲ ಇನ್ನೊಬ್ಬನಿಗೆ ಹೇಳಿಕೊಡುವಷ್ಟು ಕಲಿತಿರುತ್ತಿದ್ದ.

1999ರ ಬೆಂಗಳೂರು ಐಟಿ ಡಾಟ್ ಕಾಂ ಮೇಳದಲ್ಲಿ ಬೆಂಗಳೂರಿನ ಬಳಗ ಲಿನಕ್ಸ್ ಮಳಿಗೆ ಹಾಕಿತು. ಆ ಅನುಭವದ ಮೇಲೆ 2001ರಲ್ಲಿ ತಮ್ಮದೇ ಮೇಳ ಕಟ್ಟಿದರು. ಹೆಸರು ‘ಲಿನಕ್ಸ್ ಬೆಂಗಳೂರು’. ಆರಂಭದ ವರ್ಷಗಳಲ್ಲಿ ಅದು ನಡೆದದ್ದು ಭಾರತೀಯ ವಿಜ್ಞಾನ ಸಂಸ್ಥೆಯ ಜೆ.ಎನ್. ಟಾಟಾ ಸಭಾಂಗಣದಲ್ಲಿ. 2005ರಲ್ಲಿ, ಲಿನಕ್ಸ್ ಒಂದೇ ಅಲ್ಲ, ಯಾರು ಬೇಕಾದರೂ ಒಳಹೊಕ್ಕು ತಿದ್ದಬಹುದಾದ ಮುಕ್ತ ತಂತ್ರಾಂಶವೆಲ್ಲ ನಮ್ಮದು ಎಂದು ಹೆಸರನ್ನು ‘ಫಾಸ್ ಡಾಟ್ ಇನ್’ ಎಂದು ಬದಲಿಸಿ ಬೆಂಗಳೂರು ಅರಮನೆಯಲ್ಲಿ ನಡೆಸಿದರು. ಲಿನಕ್ಸ್ ಕಟ್ಟಿದವರಲ್ಲಿ ಪ್ರಮುಖರಾದ ಅಲನ್ ಕಾಕ್ಸ್, ಹರಾಲ್ಡ್ ವೆಲ್ಟೆ, ಪಿಎಚ್‌ಪಿ ಭಾಷೆಯನ್ನು ಹುಟ್ಟುಹಾಕಿದ ರಾಸ್ಮಸ್ ಲೆರ್ಡಾರ್ಫ್ ಬೆಂಗಳೂರಿನ ಈ ಮೇಳಕ್ಕೆ ಬಂದಿದ್ದಾರೆ. ಇದನ್ನೆಲ್ಲ ಹೊತ್ತು ನಡೆಸಿದವರು ಸ್ವಯಂಸೇವಕರು.

ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾಗಿರುವುದು 2007, 2008ರಲ್ಲಿ ಅವರು ಹಿಡಿದ ದಾರಿ. ಕುಳಿತು ಭಾಷಣ ಕೇಳಿ ಚಪ್ಪಾಳೆ ತಟ್ಟಿ ಹೋಗುವವರು ಹೆಚ್ಚಾಗುತ್ತಿದ್ದಾರೆ, ತಂತ್ರಾಂಶ ಬರೆದು ಕೊಡುವವರು ಹೆಚ್ಚಾಗುತ್ತಿಲ್ಲ ಎಂಬ ಕೊರಗು ಸಂಘಟಕರಿಗಿತ್ತು. ಮೊದಲು ಒಂದೊಂದು ತಂತ್ರಾಂಶಕ್ಕೂ ಒಂದೊಂದು ‘ಪ್ರಾಜೆಕ್ಟ್ ಡೇ’ ಇಟ್ಟರು. ಮರುವರ್ಷ ‘ವರ್ಕ್‌ಔಟ್’ ತಂದರು: ಒಂದು ಗುಂಪು ಒಂದು ಕೊಠಡಿ ಹಿಡಿದು, ಎದುರಿಗಿರುವ ತೊಡಕನ್ನು ಅಲ್ಲೇ ಬಿಡಿಸಬೇಕು. ಭಾರತ ಬರೀ ಬಳಸುವ ನಾಡಾಗಿ ಉಳಿಯಬಾರದು ಎಂಬ ಹಟ ಅದು. ಹೊಸಬರಿಗೆ ಇದರಿಂದ ಹೊಸ್ತಿಲು ಸ್ವಲ್ಪ ಎತ್ತರವಾಯಿತು ಎಂಬುದನ್ನೂ ಒಪ್ಪಬೇಕು. ಆದರೂ ಹಟ ಸರಿಯಾದದ್ದು. 2012ರ ಕೊನೆಯಲ್ಲಿ ನಿಮ್ಹಾನ್ಸ್ ಸಭಾಂಗಣದಲ್ಲಿ ನಡೆದದ್ದೇ ಈ ಹೆಸರಿನ ಕಡೆಯ ಮೇಳ. ಮರುವರ್ಷ ಜೂನ್ 3ರಂದು ಚಿಟ್ನಿಸ್ ತೀರಿಕೊಂಡರು. ಅವರಿಗೆ ಆಗ 51 ವರ್ಷ.

ಕನ್ನಡಕ್ಕೆ ಈ ಮೇಳದಿಂದ ಏನಾಯಿತು? ನಮ್ಮ ಊರಿನ ಹೆಸರನ್ನೇ ತೆಗೆದುಕೊಳ್ಳಿ. ‘ಚಿಕ್ಕನಾಯಕನಹಳ್ಳಿ’ಯ ಕೊನೆಯ ಅಕ್ಷರವನ್ನು ಕಂಪ್ಯೂಟರಿಗೆ ಉಣಿಸುವಾಗ ಮೊದಲು ಒಂದು ಳ, ಆಮೇಲೆ ಹಲಂತ ಚಿಹ್ನೆ, ಆಮೇಲೆ ಇನ್ನೊಂದು ಳ, ಕೊನೆಗೆ ಗುಡಿಸು. ಪರದೆಯ ಮೇಲೆ ಮಾತ್ರ ಎರಡನೆಯ ಳ ಒತ್ತಾಗಿ ಕೆಳಗಿಳಿಯಬೇಕು, ಕೊನೆಯಲ್ಲಿ ಬಂದ ಗುಡಿಸು ಮೊದಲ ಳಕಾರದ ತಲೆಯೇರಬೇಕು. ಈ ಜೋಡಣೆ ಗೊತ್ತಿಲ್ಲದ ತಂತ್ರಾಂಶ ‘ಚಿಕ್‌ಕನಾಯಕನಹಳ್‌ಳಿ’ ಎಂದು ಊರನ್ನು ಸೀಳಿ ತೋರಿಸುತ್ತದೆ. ಮುಚ್ಚಿದ ತಂತ್ರಾಂಶವಾದರೆ ಕಂಪನಿಗೆ ಕಾಗದ ಬರೆದು ಕಾಯಬೇಕು. ಮುಕ್ತ ತಂತ್ರಾಂಶದಲ್ಲಿ ಕನ್ನಡ ಬಲ್ಲವರೇ ಒಳಹೊಕ್ಕು ತಿದ್ದಬಹುದು. ಭಾರತೀಯ ಭಾಷೆಗಳಿಗಾಗಿ ಹೀಗೆ ತಿದ್ದುವವರು ಎದುರುಬದುರು ಕೂತು ಮಾತಾಡಲು ಇಂಥ ಮೇಳಗಳೇ ಜಾಗ. ‘ಗುಬ್ಬಿ’, ‘ನವಿಲು’ ಎಂಬ ಕನ್ನಡ ಫಾಂಟ್‌ಗಳು ಇವತ್ತು ಡೆಬಿಯನ್ ಎಂಬ ಲಿನಕ್ಸ್ ಆವೃತ್ತಿಯ ಭಂಡಾರದಲ್ಲಿ ಯಾರಿಗೆ ಬೇಕಾದರೂ ಸಿಗುತ್ತವೆ. ಇಂಥ ಕೆಲಸ ಬೇಗ ಕಣ್ಣಿಗೆ ಬೀಳುವುದಿಲ್ಲ. ಅಟ್ಟಕ್ಕೆ ಹಾಕಿದ ಕಾಯಿ ಉಂಡೆ ಕೊಬ್ಬರಿಯಾಗಲು ವರ್ಷವೇ ಹಿಡಿಯುವ ಹಾಗೆ ಇದು.

ಮೇಳ ನಿಂತಿತೆಂದು ದಾರಿ ಮುಚ್ಚಲಿಲ್ಲ. ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕ ಎಂಬ ಸಂಘಟನೆ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಗುಂಪು ಕಟ್ಟಿತ್ತು. ಬೆಂಗಳೂರಿನ ಕೊಳೆಗೇರಿಯೊಂದರಲ್ಲಿ ಅಂಬೇಡ್ಕರ್ ಸಮುದಾಯ ಕಂಪ್ಯೂಟರ್ ಕೇಂದ್ರ ತೆರೆದಾಗ ಅಲ್ಲಿನ ಮಕ್ಕಳು ಜಿಂಪ್ ತಂತ್ರಾಂಶದಲ್ಲಿ ಚಿತ್ರ ಬರೆದಿದ್ದರು. ಸರ್ಕಾರಿ ಪ್ರೌಢಶಾಲೆಗಳ ಮೇಷ್ಟ್ರುಗಳಿಗೂ ಲಿನಕ್ಸ್ ಹೊಸದಲ್ಲ: ಶಿಕ್ಷಣ ಇಲಾಖೆ ಮತ್ತು ‘ಐಟಿ ಫಾರ್ ಚೇಂಜ್’ ಸಂಸ್ಥೆ ಕೂಡಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಉಬುಂಟು ಎಂಬ ಲಿನಕ್ಸ್ ಆವೃತ್ತಿ ಬಳಸಿ, ಜಿಯೋಜೀಬ್ರಾ ತಂತ್ರಾಂಶದಲ್ಲಿ ರೇಖಾಗಣಿತ ಹೇಳಿಕೊಡುವುದನ್ನು ಕಲಿತವರು ಅವರಲ್ಲಿ ಬಹಳ ಮಂದಿ ಇದ್ದಾರೆ. ಇನ್ನು ಬೆಂಗಳೂರಿನಲ್ಲಿ ಫಾಸ್ ಯುನೈಟೆಡ್ ಸಂಸ್ಥೆ ‘ಇಂಡಿಯಾ ಫಾಸ್’ ಸಮ್ಮೇಳನ ನಡೆಸುತ್ತಿದೆ. 2024ರ ಸೆಪ್ಟೆಂಬರಿನಲ್ಲಿ ಅದು ಸೇರಿದ್ದು ಅದೇ ನಿಮ್ಹಾನ್ಸ್ ಸಭಾಂಗಣದಲ್ಲಿ.

ಆದರೆ ಎಲ್ಲವೂ ಬೆಂಗಳೂರಿನಲ್ಲೇ ಏಕೆ ಆಗಬೇಕು? ನಮ್ಮ ಊರುಗಳಲ್ಲೂ ಇದಕ್ಕೆ ಕೆಲಸವಿದೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಉಚಿತ ಬೆಂಬಲ ನಿಲ್ಲಿಸಿತು. ಹಳೆಯ ಯಂತ್ರಗಳು ಎಷ್ಟೋ ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ. ಶಾಲೆ, ಕಾಲೇಜು, ಸಹಕಾರ ಸಂಘ, ಡಿಟಿಪಿ ಅಂಗಡಿಗಳ ಇಂಥ ಯಂತ್ರಗಳನ್ನು ಗುಜರಿಗೆ ಹಾಕುವ ಮೊದಲು ಒಮ್ಮೆ ಲಿನಕ್ಸ್ ಹಾಕಿ ನೋಡಬೇಕು. ಅವುಗಳಲ್ಲಿ ಅನೇಕ ಇನ್ನೂ ವರ್ಷಗಟ್ಟಲೆ ದುಡಿಯಬಲ್ಲವು. ಹಾಕುವುದೂ ಈಗ ಮೊದಲಿನಷ್ಟು ಕಷ್ಟವಲ್ಲ: ಪೆನ್‌ಡ್ರೈವಿನಿಂದಲೇ ಚಾಲೂ ಮಾಡಿ, ಹಾರ್ಡ್ ಡಿಸ್ಕ್ ಮುಟ್ಟದೆ, ವೈಫೈ, ಪ್ರಿಂಟರ್, ಕನ್ನಡ ಅಕ್ಷರ ಎಲ್ಲ ಸರಿಯಿದೆಯೇ ಎಂದು ಪರೀಕ್ಷಿಸಿ ಆಮೇಲೆ ತೀರ್ಮಾನಿಸಬಹುದು.

ಸೆಪ್ಟೆಂಬರಿನ ಮೂರನೆಯ ಶನಿವಾರವನ್ನು ಲೋಕದ ಹಲವೆಡೆ ತಂತ್ರಾಂಶ ಸ್ವಾತಂತ್ರ್ಯ ದಿನವೆಂದು ಆಚರಿಸುತ್ತಾರೆ. ಯಾವ ಊರಿನವರು ಬೇಕಾದರೂ ನಡೆಸಬಹುದು, ಯಾರ ಅಪ್ಪಣೆಯೂ ಬೇಡ. ಆ ದಿನ ಚಿಕ್ಕನಾಯಕನಹಳ್ಳಿಯಲ್ಲೋ ತುರುವೇಕೆರೆಯಲ್ಲೋ ಇನ್‌ಸ್ಟಾಲ್‌ಫೆಸ್ಟ್ ನಡೆಸಲು ಕಾಲೇಜಿನ ಒಂದು ಕೊಠಡಿ, ಪ್ಲಗ್ಗುಗಳಿರುವ ನಾಲ್ಕು ಮೇಜು, ಹತ್ತು ಪೆನ್‌ಡ್ರೈವ್, ಕಡತಗಳನ್ನು ಮೊದಲೇ ನಕಲು ಮಾಡಿಟ್ಟುಕೊಳ್ಳಲು ಒಂದು ಹಾರ್ಡ್ ಡಿಸ್ಕ್ ಸಾಕು. ಹೇಳಿಕೊಡಲು ಉಬುಂಟು ಬಲ್ಲ ಆ ಮೇಷ್ಟ್ರುಗಳನ್ನೇ ಕರೆಯಬಹುದು.