ಪುಲ್ಲಿ ಬಿಚ್ಚಿದ ಮೇಲೆ ನಡುಕ, ಆಯಿಲ್ ಲೀಕ್: ಘಾಟಿ ಹತ್ತುವ ಮೊದಲು ಇದನ್ನು ನೋಡಿ

ಕಳೆದ ತಿಂಗಳು ಧರ್ಮಸ್ಥಳದ ಪಾರ್ಕಿಂಗ್‌ನಲ್ಲಿ ನನ್ನ ಹಳೆ ಡೀಸೆಲ್ ಜೀಪಿನ ಬಾನೆಟ್ ಎತ್ತಿ ನಿಂತಿದ್ದೆ. ಮುಂದಿನ ಆಯಿಲ್ ಸೀಲ್ ಬದಲಿಸಲು ಕ್ರ್ಯಾಂಕ್ ಪುಲ್ಲಿ ಬಿಚ್ಚಿಸಿ ಎರಡೇ ದಿನ ಆಗಿತ್ತು. ಸ್ಟೇರಿಂಗ್ ನಡುಗ್ತಾ ಉಂಟು, ಕೆಳಗೆ ಮತ್ತೆ ಎಣ್ಣೆ ಹನಿ. ಕೆಲಸ ಮಾಡಿದವರಿಗೆ ಫೋನ್ ಮಾಡಿದರೆ, "ಓಡಿಸಿ ಮಾರಾಯ್ರೆ, ಸೆಟ್ ಆಗ್ತದೆ" ಅಂದರು. ನಾನು ಹೋಗಬೇಕಿದ್ದದ್ದು ಉಜಿರೆಯಲ್ಲಿ ಬಲಕ್ಕೆ ತಿರುಗಿ, ಚಾರ್ಮಾಡಿ ಘಾಟಿ ಹತ್ತಿ, ಕೊಟ್ಟಿಗೆಹಾರಕ್ಕೆ. ಇಂಥದ್ದು ಓಡಿಸಿದರೆ ಸೆಟ್ ಆಗುವುದಿಲ್ಲ. ಯಾಕೆ ಅಂತ ಹೇಳ್ತೇನೆ.

ಕ್ರ್ಯಾಂಕ್ ಪುಲ್ಲಿ ಅಂದ್ರೆ ಬೆಲ್ಟ್ ತಿರುಗಿಸುವ ಬರೀ ಚಕ್ರ ಅಲ್ಲ. ಹಲವು ಎಂಜಿನ್‌ಗಳಲ್ಲಿ ಅದು ಎರಡು ಲೋಹದ ಭಾಗ, ನಡುವೆ ರಬ್ಬರ್ ಬಳೆ. ಪ್ರತಿ ಸಿಲಿಂಡರ್ ಉರಿದಾಗಲೂ ಕ್ರ್ಯಾಂಕ್‌ಶಾಫ್ಟ್ ಒಂಚೂರು ತಿರುಚಿಕೊಳ್ಳುತ್ತದೆ, ಒದ್ದೆ ಬಟ್ಟೆ ಹಿಂಡಿದ ಹಾಗೆ. ಆ ತಿರುಚನ್ನು ರಬ್ಬರ್ ನುಂಗಬೇಕು. 1900ರ ದಶಕದಲ್ಲಿ ಆರು ಸಿಲಿಂಡರ್ ಕಾರುಗಳು ಬಂದಾಗ ಈ ತಿರುಚಿನಿಂದ ಶಾಫ್ಟ್‌ಗಳೇ ಮುರಿಯುತ್ತಿದ್ದವು. ಇಂಗ್ಲೆಂಡಿನ ಹೆನ್ರಿ ರಾಯ್ಸ್, ಫ್ರೆಡರಿಕ್ ಲ್ಯಾಂಚೆಸ್ಟರ್ ಇದಕ್ಕೆ ಡ್ಯಾಂಪರ್ ಕಂಡುಹಿಡಿದರು. ಇಂಥ ಪುಲ್ಲಿಯನ್ನು ಪುಲ್ಲರ್ ಹಾಕದೆ ಸುತ್ತಿಗೆಯಲ್ಲಿ ಬಡಿದು ತೆಗೆದರೆ ರಬ್ಬರ್ ಕಿತ್ತು ಬರಬಹುದು.

ನಡುಕ ಎಲ್ಲಿಂದ ಅಂತ ಮೊದಲು ನೋಡಬೇಕು. ಗಾಡಿ ಓಡುವಾಗ ಮಾತ್ರ ನಡುಗಿದರೆ ಟಯರ್ ಕಡೆ ಹೋಗಿ, ಪುಲ್ಲಿ ಬಿಡಿ. ಐಡಲ್‌ನಲ್ಲಿ ನಡುಗಿ ರೇಸ್ ಮಾಡಿದಾಗ ಕಡಿಮೆ ಆದರೆ, ಕೆಲಸಕ್ಕೆಂದು ಬಿಚ್ಚಿದ ಎಂಜಿನ್ ಮೌಂಟಿಂಗ್ ಸಡಿಲ ಇರಬಹುದು. ಟೈಮಿಂಗ್ ಬೆಲ್ಟನ್ನೂ ಮುಟ್ಟಿದ್ದರೆ ಅದು ಒಂದು ಹಲ್ಲು ಆಚೀಚೆ ಕೂತಿರಲೂಬಹುದು. ನನ್ನದು ನ್ಯೂಟ್ರಲ್‌ನಲ್ಲೇ, ರೇಸ್ ಏರಿದಷ್ಟೂ ಏರುತ್ತಿತ್ತು.

ಎಂಜಿನ್ ಆಫ್ ಮಾಡಿ, ಪುಲ್ಲಿಯ ನಡುವಿನಿಂದ ಹೊರ ಅಂಚಿನವರೆಗೆ ರಬ್ಬರ್ ದಾಟಿಸಿ ಚಾಕ್‌ನಲ್ಲಿ ಒಂದು ಗೀಟು ಎಳೆದೆ. ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿ ನೋಡಿದೆ. ಗೀಟು ತುಂಡಾಗಿದ್ದರೆ ರಬ್ಬರ್ ಜಾರಿದೆ ಅಂತ. ತುಂಡಾಗಿರಲಿಲ್ಲ. ಆಮೇಲೆ ಫೋನಿನ ಸ್ಲೋ ಮೋಷನ್. ಫ್ಯಾನ್ ತಿರುಗ್ತಾ ಇರುತ್ತದೆ, ಕೈ, ಶಾಲು ಎಲ್ಲ ದೂರ, ಪಕ್ಕದಿಂದಲೇ ತೆಗೆಯಿರಿ. ವಿಡಿಯೋದಲ್ಲಿ ಪುಲ್ಲಿ ಓಲಾಡುತ್ತಿತ್ತು, ನೆಲದಲ್ಲಿ ತಿರುಗಿಸಿ ಬಿಟ್ಟ ತಟ್ಟೆಯ ಹಾಗೆ. ರಬ್ಬರ್ ಸರಿ ಉಂಟು, ಪುಲ್ಲಿಯೇ ಶಾಫ್ಟ್ ಮೇಲೆ ನೆಟ್ಟಗೆ ಕೂತಿಲ್ಲ!

ಇನ್ನು ಎಣ್ಣೆ. ಒದ್ದೆ ಕಂಡಲ್ಲೇ ಲೀಕ್ ಅಂತ ತೀರ್ಮಾನಿಸಬೇಡಿ, ಎಣ್ಣೆ ಮೇಲಿನಿಂದ ಇಳಿಯುತ್ತದೆ, ಫ್ಯಾನ್ ಗಾಳಿಗೆ ಹಿಂದಕ್ಕೂ ಹರಡುತ್ತದೆ. ಎಂಜಿನ್ ತಣ್ಣಗಾದ ಮೇಲೆ ಒರೆಸಿ, ಟಾಲ್ಕಂ ಪೌಡರ್ ಉದುರಿಸಿ, ಸ್ವಲ್ಪ ಓಡಿಸಿ ನೋಡಿ. ಗೆರೆ ಟ್ಯಾಪೆಟ್ ಕವರಿನಿಂದ ಶುರುವಾದರೆ ಸೀಲ್ ಬದಲಿಸಿ ಪ್ರಯೋಜನ ಇಲ್ಲ. ಪುಲ್ಲಿಯ ಬೆನ್ನಿನಿಂದ ಬಂದರೆ ಸೀಲಿನದ್ದೇ. ಹೊಸ ಸೀಲ್ ಕೂಡ ಸೋರಬಹುದು: ಎಣ್ಣೆ ಸವರದೆ ಹಾಕಿ ತುಟಿ ಹರಿದಿರುತ್ತದೆ, ಓರೆ ಕೂತಿರುತ್ತದೆ, ಅಥವಾ ಹಳೆ ಸೀಲ್ ಉಜ್ಜಿ ಉಜ್ಜಿ ಪುಲ್ಲಿಯ ಕುತ್ತಿಗೆಯಲ್ಲೇ ಗಾಡಿ ಬಿದ್ದಿರುತ್ತದೆ. ಬ್ರೀದರ್ ಕಟ್ಟಿದ್ದರೆ ಒಳಗಿನ ಒತ್ತಡವೇ ಎಣ್ಣೆಯನ್ನು ಹೊರಗೆ ತಳ್ಳುತ್ತದೆ. ನನ್ನ ಜೀಪಿನಲ್ಲಿ ಪುಲ್ಲಿ ಓಲಾಡಿದರೆ ಸೀಲಿನ ತುಟಿ ಹಿಡಿಯುವುದಾದರೂ ಏನನ್ನು? ಎರಡು ದೂರು, ಕಾರಣ ಒಂದೇ.

ಹೆದರಿಕೆ ಎಣ್ಣೆಯದ್ದಲ್ಲ. ಹಳೆಯ ಹಲವು ಡೀಸೆಲ್ ಗಾಡಿಗಳಲ್ಲಿ ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರ್ ಬೆನ್ನಿಗೇ ಇರುತ್ತದೆ. ಪುಲ್ಲಿ ಕಳಚಿ ಬೆಲ್ಟ್ ಹೋದರೆ ಮೂರು ನಾಲ್ಕು ಸಲ ಬ್ರೇಕ್ ಒತ್ತುವಷ್ಟರಲ್ಲಿ ಪೆಡಲ್ ಕಲ್ಲಾಗುತ್ತದೆ. ಘಾಟಿಯ ತಿರುವಿನಲ್ಲಿ, ಎದುರಿನಿಂದ ಬಸ್ ಬರುವಾಗ, ಬೇಡಪ್ಪ.

ಜೀಪನ್ನು ಎಳೆಸಿ ಉಜಿರೆಗೆ ಬಿಟ್ಟು ಬಸ್ಸಿನಲ್ಲಿ ಹೋದೆ. ಬಿಚ್ಚಿದವರು ತೋರಿಸಿದರು: ಪುಲ್ಲಿಯ ಕೀ ಜಜ್ಜಿ ಹೋಗಿತ್ತು, ಬೋಲ್ಟ್ ಅಷ್ಟರಮಟ್ಟಿಗೆ ಟೈಟೇ ಆಗಿರಲಿಲ್ಲ. ಹೊಸ ಕೀ, ಹೊಸ ಬೋಲ್ಟ್, ಹೊಸ ಸೀಲ್, ಟಾರ್ಕ್ ರೆಂಚ್‌ನಲ್ಲಿ ಬಿಗಿ. ಮೂರನೇ ದಿನ ಹೋಗಿ ತಂದೆ. ರಾತ್ರಿ ಎಂಜಿನ್ ಕೆಳಗೆ ಹಾಸಿಡುವ ಪೇಪರ್ ಇವತ್ತು ಬೆಳಿಗ್ಗೆಯೂ ಒಣಗಿಯೇ ಇತ್ತು.