ಸ್ಟೀಲ್ ಗಿಟಾರು ಮತ್ತು ನಮ್ಮ ದಿವಂಗತ ಮಿತ್ರರು

ಕಳೆದ ಮಾಘಮಾಸದಲ್ಲಿ ದಿವಂಗತರಾದ ನಮ್ಮ ಮಿತ್ರರು ವೃತ್ತಿಯಿಂದ ತಾಲ್ಲೂಕು ಕಚೇರಿಯ ಶಿರಸ್ತೇದಾರರು. ಅಭಿರುಚಿಯಿಂದ ಸ್ಟೀಲ್ ಗಿಟಾರಿನ ಪರಮಭಕ್ತರು. ಪಹಣಿ ಖಾತೆಗಳ ನಡುವೆ ಮೂವತ್ತು ವರ್ಷ ಸವೆಸಿದ ಅವರ ಹೆಸರು ಯಾವ ಪತ್ರಿಕೆಯಲ್ಲಿಯೂ ಬಂದುದಿಲ್ಲ. ಬರಲೆಂದು ಅವರು ಬಯಸಿದವರೂ ಅಲ್ಲ; ಆದುದರಿಂದ ನಾವೂ ಅದನ್ನು ಇಲ್ಲಿ ಬರೆಯುವುದಿಲ್ಲ.

ಆಕಾಶವಾಣಿಯವರು ಎರಡು ಕಾರ್ಯಕ್ರಮಗಳ ನಡುವಣ ತೆರವನ್ನು ತುಂಬಲು ಈ ವಾದ್ಯದಲ್ಲಿ ನುಡಿಸಿದ ಚಿತ್ರಗೀತೆಗಳ ಧಾಟಿಯನ್ನು ಹಾಕುತ್ತಿದ್ದುದು ವಾಚಕರಿಗೆ ನೆನಪಿರಬಹುದು. ವಾನ್ ಶಿಪ್ಲೆ, ಸುನಿಲ್ ಗಂಗೂಲಿ ಮೊದಲಾದವರ ಆ ಮುದ್ರಿಕೆಗಳನ್ನು ನಮ್ಮೂರಿನ ರಸಿಕಮಹಾಶಯರು ಸಂಗೀತವೆಂದೇ ಎಣಿಸುತ್ತಿರಲಿಲ್ಲ. ನಮ್ಮ ಮಿತ್ರರಾದರೋ ಎಲೆಯ ಮುಂದೆ ಕುಳಿತಿದ್ದರೂ ಕೈ ತಡೆದು ಕೇಳುತ್ತಿದ್ದರು, ಸಾರು ಆರಿಹೋಗುತ್ತಿತ್ತು.

ಪರದೇಶದ ವಾದ್ಯವೆಂದು ಹಳಿದವರಿಗೆ ಅವರ ಉತ್ತರ ಸಿದ್ಧವಾಗಿತ್ತು. ನಮ್ಮ ಗೋಟುವಾದ್ಯದವರು ಮೆಟ್ಟುಗಳಿಲ್ಲದ ದಂಡಿಯ ಮೇಲೆ ಗೋಟನ್ನು ಜಾರಿಸುವರು. ಹವಾಯಿ ದ್ವೀಪದವರು ಗಿಟಾರಿನ ತಂತಿಯ ಮೇಲೆ ಉಕ್ಕಿನ ಸರಳನ್ನು ಜಾರಿಸಿದರು. ಸ್ವರದಿಂದ ಸ್ವರಕ್ಕೆ ಎಳೆ ಕಡಿಯದಂತೆ ಸಾಗಬೇಕೆಂಬ ಆಸೆ ಎರಡು ಕಡೆಯೂ ಒಂದೇ ಅಲ್ಲವೆ, ಎನ್ನುವರು. ಆ ದ್ವೀಪದಲ್ಲಿ 1874ರಲ್ಲಿ ಜನಿಸಿದ ಜೋಸೆಫ್ ಕೆಕುಕು ಎಂಬಾತನೇ ಈ ಕ್ರಮಕ್ಕೆ ಮೂಲಪುರುಷನೆಂದು ಪ್ರತೀತಿ. 1915ರ ಸ್ಯಾನ್ ಫ್ರಾನ್ಸಿಸ್ಕೋ ವಸ್ತುಪ್ರದರ್ಶನದ ತರುವಾಯ ಹವಾಯಿ ಸಂಗೀತದ ಮೋಹ ಅಮೆರಿಕವನ್ನೆಲ್ಲ ವ್ಯಾಪಿಸಿತು; 1940ರ ದಶಕದಲ್ಲಿ ಟೌ ಮೋ ಎಂಬ ವಾದಕನು ಕುಟುಂಬಸಮೇತ ಕಲಕತ್ತೆಯಲ್ಲಿ ನೆಲೆಸಿದ್ದನು.

ಆದರೆ ಮಿತ್ರರ ಆರಾಧ್ಯದೈವವೆಂದರೆ ಜೋಧಪುರದ ಬ್ರಿಜ್‌ಭೂಷಣ್ ಕಾಬ್ರಾ. ಉಸ್ತಾದ್ ಅಲಿ ಅಕ್ಬರ್ ಖಾನರ ಶಿಷ್ಯರಾದ ಕಾಬ್ರಾ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ಶ್ರುತಿಗೆಂದು ಹೆಚ್ಚಿನ ತಂತಿ ಕೂಡಿಸಿ, ಅದಕ್ಕೆ ರಾಗಾಲಾಪವನ್ನು ಕಲಿಸಿದರು. ಶಿವಕುಮಾರ ಶರ್ಮರ ಸಂತೂರು, ಹರಿಪ್ರಸಾದ ಚೌರಾಸಿಯಾರ ಕೊಳಲುಗಳೊಡನೆ ಅವರು ನುಡಿಸಿದ 1967ರ ‘ಕಾಲ್ ಆಫ್ ದಿ ವ್ಯಾಲಿ’ ಮುದ್ರಿಕೆಯಲ್ಲಿ ಕಾಶ್ಮೀರದ ಕುರುಬನೊಬ್ಬನ ಒಂದು ದಿನದ ಚಿತ್ರವಿದೆ. ಎಲ್ಲರೂ ಕೊಳಲನ್ನು ಹೊಗಳುವಾಗ ನಮ್ಮ ಮಿತ್ರರು ಸಿಟ್ಟಾಗುತ್ತಿದ್ದರು. 1994ರಲ್ಲಿ ವಿಶ್ವಮೋಹನ ಭಟ್ಟರಿಗೆ ಗ್ರ್ಯಾಮಿ ಪಾರಿತೋಷಕ ಬಂದಾಗ ಕಚೇರಿಯಲ್ಲೆಲ್ಲ ಪೇಡೆ ಹಂಚಿದರು. ಕಾರಣ ಅಲ್ಲಿ ಯಾರಿಗೂ ತಿಳಿಯಲಿಲ್ಲ. 2018ರಲ್ಲಿ ಕಾಬ್ರಾ ತೀರಿಕೊಂಡಾಗ ಮನೆಯ ಹಿರಿಯರು ಹೋದಂತೆ ಮೌನವಾಗಿ ಕುಳಿತಿದ್ದರು.

ಕೊನೆಯ ವರ್ಷ ಗಂಟಲಿನ ವ್ಯಾಧಿಗೆ ಶಸ್ತ್ರಚಿಕಿತ್ಸೆಯಾಗಿ ಅವರ ಧ್ವನಿಯೇ ಹೋಯಿತು. ಹಗಲೆಲ್ಲ ಗುನುಗುತ್ತಿದ್ದ ಮನುಷ್ಯರು ಸ್ಲೇಟು ಬಳಪ ಹಿಡಿದರು. ನೋಡಲು ಹೋದವರಿಗೆ ಅಲ್ಲಿ ಗೋಳು ಕೇಳಿಸುತ್ತಿರಲಿಲ್ಲ, ಕಾಬ್ರಾರ ಆಲಾಪ ಕೇಳಿಸುತ್ತಿತ್ತು. ಮಾತಿಲ್ಲದೆ ಹಾಡುವ ವಾದ್ಯವನ್ನು ಅವರು ಆಗ ಕೇಳುತ್ತಿದ್ದ ಬಗೆಯೇ ಬೇರೆ. ತುಟಿಗಳು ಸ್ವರದೊಡನೆ ಅಲುಗುತ್ತಿದ್ದುವು. ಒಮ್ಮೆ ಸಾಂತ್ವನದ ಮಾತನ್ನು ಉದ್ದಕ್ಕೆ ಬೆಳೆಸಿದ ಬಂಧುಗಳೊಬ್ಬರ ಮುಂದೆ ಸ್ಲೇಟನ್ನು ಎತ್ತಿ ಹಿಡಿದರು: “ಸ್ವಲ್ಪ ತಾಳಿ, ನಿಷಾದ ಬರುತ್ತಿದೆ.”

ಮುದ್ರಿಕೆಗಳೆಲ್ಲ ಈಗ ಅವರ ಮೊಮ್ಮಗಳ ವಶದಲ್ಲಿವೆ. ಯಂತ್ರದ ಮುಳ್ಳು ಸವೆದಿದೆ. ಹೊಸದನ್ನು ಬೆಂಗಳೂರಿನಿಂದ ತರಿಸಿಕೊಡಲು ನಾವು ಒಪ್ಪಿಕೊಂಡಿದ್ದೇವೆ.