ಹೊಲದಲ್ಲಿ ಸಿಕ್ಕ ನಕ್ಷತ್ರ ಆಮೆ: ಮನೆಗೆ ತರಬಹುದೇ?

ಮುಂಗಾರಿನ ಮೊದಲ ದೊಡ್ಡ ಮಳೆ ಸುರಿದಿದೆ. ಮಾರನೆಯ ದಿನ ಬೆಳಿಗ್ಗೆ ನೀವು ಶ್ರೀನಿವಾಸಪುರದ ಕಡೆಯ ಒಂದು ಮಾವಿನ ತೋಪಿನ ಪಕ್ಕದಲ್ಲಿ ಶಾಲೆಗೆ ನಡೆದು ಹೋಗುತ್ತಿದ್ದೀರಿ ಎಂದುಕೊಳ್ಳಿ. ಬದುವಿನ ಮೇಲೆ, ಒಣಹುಲ್ಲಿನ ನಡುವೆ, ಒಂದು ಕಲ್ಲು ಅಲುಗಾಡಿದಂತೆ ಕಾಣುತ್ತದೆ. ಹತ್ತಿರ ಹೋಗಿ ನೋಡಿದರೆ ಅದು ಕಲ್ಲಲ್ಲ, ಆಮೆ! ಬೆನ್ನಿನ ತುಂಬ ಕಪ್ಪು ಬಣ್ಣದ ಮೇಲೆ ಹಳದಿ ನಕ್ಷತ್ರಗಳು. ಅದು ಓಡುವುದಿಲ್ಲ, ಕೂಗುವುದೂ ಇಲ್ಲ. ತಲೆಯನ್ನು ಒಳಗೆ ಎಳೆದುಕೊಂಡು ಸುಮ್ಮನಾಗುತ್ತದೆ. ನಿಮ್ಮ ಚೀಲದಲ್ಲಿ ಜಾಗವಿದೆ. ‘ಮನೆಗೆ ಒಯ್ದು ಸಾಕೋಣ’ ಎಂದು ಮನಸ್ಸು ಹೇಳುತ್ತದೆ. ನೀವು ಏನು ಮಾಡುತ್ತೀರಿ?

ಉತ್ತರ ಹೇಳುವ ಮೊದಲು ಈ ಪ್ರಾಣಿಯ ಪರಿಚಯ ಮಾಡಿಕೊಳ್ಳೋಣ.

ಬೆನ್ನ ಮೇಲೆ ನಕ್ಷತ್ರ ಏಕೆ?

ಇದು ನಕ್ಷತ್ರ ಆಮೆ. ನಮ್ಮ ಜಿಲ್ಲೆಯಲ್ಲಿ ತೆಲುಗು ಮಾತನಾಡುವವರು ಆಮೆಗೆ ತಾಬೇಲು ಎನ್ನುತ್ತಾರೆ. ವಿಜ್ಞಾನಿಗಳು ಇಟ್ಟಿರುವ ಹೆಸರು ಜಿಯೋಕೆಲೋನ್ ಎಲೆಗನ್ಸ್. ಭಾರತದ ವಾಯವ್ಯ ಭಾಗ ಮತ್ತು ಅದಕ್ಕೆ ಹೊಂದಿದ ಪಾಕಿಸ್ತಾನ, ದಕ್ಷಿಣ ಭಾರತದ ಒಣ ಪ್ರದೇಶ ಹಾಗೂ ಶ್ರೀಲಂಕಾ, ಈ ಮೂರು ಕಡೆ ಮಾತ್ರ ಇದು ಸಹಜವಾಗಿ ಬದುಕುತ್ತದೆ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ ಮತ್ತು ನೆರೆಯ ಆಂಧ್ರದ ಕುರುಚಲು ಕಾಡುಗಳು, ಕಲ್ಲುಗುಡ್ಡಗಳ ತಪ್ಪಲು, ಹೊಲದ ಬದುಗಳು ಇದರ ಊರು.

ಆಮೆಯ ಚಿಪ್ಪು ಹಲವು ಫಲಕಗಳನ್ನು ಜೋಡಿಸಿದಂತಿದೆ. ಪ್ರತಿ ಫಲಕದ ನಡುವೆ ಒಂದು ಹಳದಿ ಚುಕ್ಕೆ. ಅದರಿಂದ ಹಳದಿ ಗೆರೆಗಳು ಸುತ್ತಲೂ ಹರಡುತ್ತವೆ. ಅಂಗೈ ಮೇಲೆ ಇಟ್ಟು ನೋಡಿದರೆ ಇದು ಎದ್ದು ಕಾಣುವ ಚಿತ್ತಾರ. ಆದರೆ ಒಣಹುಲ್ಲಿನ ನಡುವೆ, ಬಿಸಿಲು ನೆರಳಿನ ಗೆರೆಗಳಲ್ಲಿ ಅದೇ ಚಿತ್ತಾರ ಆಮೆಯನ್ನು ಕಣ್ಣಿಗೆ ಬೀಳದಂತೆ ಮರೆಮಾಡುತ್ತದೆ.

ಗುಮ್ಮಟದಂತೆ ಎತ್ತರವಾದ ಬೆನ್ನಿನಿಂದಲೂ ಒಂದು ಲಾಭವಿದೆ. ಆಮೆ ಮಗುಚಿ ಬಿದ್ದಾಗ ಈ ದುಂಡು ಬೆನ್ನು ಅದನ್ನು ಪಕ್ಕಕ್ಕೆ ಉರುಳಿಸಿ, ಮತ್ತೆ ಕಾಲಿನ ಮೇಲೆ ನಿಲ್ಲಲು ನೆರವಾಗುತ್ತದೆ. ಹಂಗೇರಿ ದೇಶದ ಡೊಮೊಕೊಶ್ ಮತ್ತು ವಾರ್ಕೊನಿ ಎಂಬ ಇಬ್ಬರು, ಹೇಗೆ ಇಟ್ಟರೂ ಉರುಳಿ ಒಂದೇ ಬದಿಗೆ ನಿಲ್ಲುವ ಒಂದು ಘನಾಕೃತಿಯನ್ನು 2006ರಲ್ಲಿ ರಚಿಸಿದರು. ಅದರೊಳಗೆ ಯಾವ ಭಾರವನ್ನೂ ಬಚ್ಚಿಟ್ಟಿಲ್ಲ, ಎಲ್ಲವೂ ಆಕಾರದ ಕೆಲಸ. ಆಮೇಲೆ ಅವರು ಆಮೆಗಳ ಚಿಪ್ಪುಗಳನ್ನು ಅಳೆದು ನೋಡಿದರು. ಆ ಆಕೃತಿಗೆ ತುಂಬ ಹತ್ತಿರವಾಗಿದ್ದ ಚಿಪ್ಪುಗಳಲ್ಲಿ ನಮ್ಮ ನಕ್ಷತ್ರ ಆಮೆಯದೂ ಒಂದು! ಗಣಿತ ಬಲ್ಲವರು ತಲೆ ಕೆಡಿಸಿಕೊಂಡು ಕಂಡುಹಿಡಿದದ್ದನ್ನು ಇದು ಬೆನ್ನ ಮೇಲೆ ಹೊತ್ತು ತಿರುಗುತ್ತಿದೆ.

ನೆನಪಿಡಿ, ಚಿಪ್ಪು ಕಳಚಿ ಇಡಬಹುದಾದ ಅಂಗಿಯಲ್ಲ. ಬೆನ್ನೆಲುಬು ಮತ್ತು ಪಕ್ಕೆಲುಬುಗಳು ಅದರೊಂದಿಗೆ ಬೆಸೆದುಕೊಂಡಿವೆ. ಅದಕ್ಕೆ ರಕ್ತ ಹರಿಯುತ್ತದೆ, ಮುಟ್ಟಿದರೆ ಗೊತ್ತಾಗುತ್ತದೆ. ಚಿಪ್ಪಿಗೆ ತೂತು ಕೊರೆದು ದಾರ ಕಟ್ಟುವುದೆಂದರೆ ನಮ್ಮ ಮೂಳೆಯನ್ನು ಕೊರೆದಂತೆ.

ಬಿಸಿಲೇ ಒಲೆ

ಹಾವು, ಹಲ್ಲಿ, ಓತಿಕ್ಯಾತ, ಉಡ, ಆಮೆ ಇವೆಲ್ಲ ಸರೀಸೃಪಗಳು. ನಮ್ಮ ದೇಹ ಊಟದಿಂದ ಶಾಖವನ್ನು ತಾನೇ ತಯಾರಿಸುತ್ತದೆ. ಹೊರಗೆ ಚಳಿಯಿರಲಿ, ಸೆಕೆಯಿರಲಿ, ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಸರೀಸೃಪಗಳು ಹಾಗಲ್ಲ. ಬೇಕಾದ ಶಾಖವನ್ನು ಅವು ಹೊರಗಿನಿಂದ ಪಡೆಯುತ್ತವೆ. ಬೆಳಿಗ್ಗೆ ಬಿಸಿಲು ಕಾಯುತ್ತವೆ, ಮಧ್ಯಾಹ್ನ ಪೊದೆಯ ನೆರಳಿಗೆ ಸರಿಯುತ್ತವೆ, ಸಂಜೆ ಮತ್ತೆ ಹೊರಗೆ ಬರುತ್ತವೆ. ಬಿಸಿಲು ಮತ್ತು ನೆರಳಿನ ನಡುವೆ ಓಡಾಡುವ ಸ್ವಾತಂತ್ರ್ಯವೇ ಅವುಗಳ ಆರೋಗ್ಯ.

ದೂರದ ಒಂದು ಉದಾಹರಣೆ ನೋಡಿ. ಇಗುವಾನ ಎಂಬುದು ಮಧ್ಯ ಮತ್ತು ದಕ್ಷಿಣ ಅಮೆರಿಕದ ಹಸಿರು ಹಲ್ಲಿ. ಅಮೆರಿಕದ ಫ್ಲಾರಿಡಾ ಎಂಬ ಬೆಚ್ಚನೆಯ ರಾಜ್ಯದಲ್ಲಿ, ಜನ ಸಾಕಲು ತಂದು ಬಿಟ್ಟ ಇಗುವಾನಗಳು ಈಗ ಕಾಡುಪ್ರಾಣಿಗಳಂತೆ ಹಬ್ಬಿವೆ. 2020ರ ಜನವರಿಯಲ್ಲಿ ಅಲ್ಲಿ ಚಳಿ ಹೆಚ್ಚಾದಾಗ, ‘ಮರಗಳಿಂದ ಇಗುವಾನಗಳು ಉದುರಬಹುದು, ಎಚ್ಚರ’ ಎಂದು ಮಯಾಮಿಯ ಹವಾಮಾನ ಕಚೇರಿ ಜನರಿಗೆ ತಿಳಿಸಿತು. ಅವು ಸತ್ತು ಬೀಳುವುದಲ್ಲ. ಮೈ ತಣ್ಣಗಾಗಿ ಸ್ನಾಯುಗಳು ಕೆಲಸ ನಿಲ್ಲಿಸಿದ್ದರಿಂದ ಕೊಂಬೆಯ ಹಿಡಿತ ತಪ್ಪಿ ಬೀಳುತ್ತವೆ. ಬಿಸಿಲು ಬಂದರೆ ಹಲವು ಮತ್ತೆ ಎದ್ದು ಹೋಗುತ್ತವೆ.

ಈಗ ನಮ್ಮ ಆಮೆಯನ್ನು ರಟ್ಟಿನ ಡಬ್ಬಿಯಲ್ಲಿಟ್ಟು ಮನೆಯ ಮೂಲೆಯಲ್ಲಿ ಇಟ್ಟರೆ ಏನಾಗುತ್ತದೆ? ಚಳಿಯಾದರೆ ಬಿಸಿಲಿಗೆ ಹೋಗಲಾರದು, ಸೆಕೆಯಾದರೆ ನೆರಳಿಗೆ ಸರಿಯಲಾರದು. ಮೈ ತಣ್ಣಗಿದ್ದರೆ ತಿಂದ ಸೊಪ್ಪು ಕೂಡ ಸರಿಯಾಗಿ ಜೀರ್ಣವಾಗುವುದಿಲ್ಲ.

ಪ್ರೀತಿಯಿಂದ ಮಾಡುವ ತಪ್ಪುಗಳು

ಮನೆಗೆ ತಂದ ಆಮೆಗೆ ಯಾರೂ ಬೇಕೆಂದೇ ಕೇಡು ಮಾಡುವುದಿಲ್ಲ. ತಿಳಿಯದೆ ಮಾಡುವ ಕೆಲಸಗಳೇ ಅದಕ್ಕೆ ಮುಳುವಾಗುತ್ತವೆ.

ಮೊದಲ ತಪ್ಪು, ನೀರಿಗೆ ಹಾಕುವುದು. ‘ಆಮೆ ಅಂದಮೇಲೆ ನೀರಿನಲ್ಲಿರಬೇಕು’ ಎಂದು ಬಕೆಟ್ಟಿಗೋ ಬಾವಿಗೋ ಬಿಡುವವರಿದ್ದಾರೆ. ಕಾಲುಗಳನ್ನು ಗಮನಿಸಿ. ನಮ್ಮ ಕೆರೆಗಳಲ್ಲಿರುವ ಆಮೆಯ ಬೆರಳುಗಳ ನಡುವೆ ಈಜಲು ಬೇಕಾದ ಜಾಲಪೊರೆ ಇರುತ್ತದೆ. ನಕ್ಷತ್ರ ಆಮೆಯ ಕಾಲು ಆನೆಯ ಕಾಲಿನಂತೆ ಕಂಬದ ಆಕಾರದ್ದು. ಇದು ನೆಲದ ಆಮೆ. ಇದಕ್ಕೆ ಈಜು ಬರುವುದಿಲ್ಲ. ಆಳದ ನೀರಿಗೆ ಬಿಟ್ಟರೆ ಮುಳುಗಿ ಸಾಯುತ್ತದೆ.

ಎರಡನೆಯದು ಊಟ. ಹುಲ್ಲು, ಎಲೆ, ಹೂವು, ಉದುರಿದ ಹಣ್ಣು, ಪಾಪಾಸುಕಳ್ಳಿ ಇವು ಕಾಡಿನಲ್ಲಿ ಅದರ ಆಹಾರ. ಮನೆಯಲ್ಲಿ ನಾವು ಕೊಡುವುದು ಅನ್ನ, ಹಾಲು, ಬ್ರೆಡ್ಡು, ಬಿಸ್ಕತ್ತು. ನಾರು ಹೆಚ್ಚಾಗಿರುವ ಹುಲ್ಲಿಗೆ ಹೊಂದಿಕೊಂಡ ಕರುಳಿಗೆ ಇವು ಒಗ್ಗುವುದಿಲ್ಲ.

ಮೂರನೆಯದು ಬೆಳಕು. ಚಿಪ್ಪು ಗಟ್ಟಿಯಾಗಲು ಕ್ಯಾಲ್ಸಿಯಂ ಬೇಕು. ತಿಂದ ಕ್ಯಾಲ್ಸಿಯಂ ದೇಹಕ್ಕೆ ಸೇರಲು ಡಿ ಜೀವಸತ್ವ ಬೇಕು. ಡಿ ಜೀವಸತ್ವ ತಯಾರಾಗಲು ಚರ್ಮಕ್ಕೆ ಬಿಸಿಲಿನ ಅತಿನೇರಳೆ ಕಿರಣ ತಾಗಬೇಕು. ಒಂದು ಕೊಂಡಿ ಕಳಚಿದರೂ ಸರಪಳಿ ಹರಿಯುತ್ತದೆ. ಕಿಟಕಿಯ ಗಾಜು ಬೆಳಕನ್ನು ಒಳಗೆ ಬಿಟ್ಟರೂ ಈ ಕೆಲಸಕ್ಕೆ ಬೇಕಾದ ಕಿರಣಗಳನ್ನು ಬಹುಮಟ್ಟಿಗೆ ತಡೆಯುತ್ತದೆ. ಹೀಗಾಗಿ ಕೋಣೆಯೊಳಗೆ ಬೆಳೆದ ಮರಿಯ ಚಿಪ್ಪು ಮೆತ್ತಗಾಗುತ್ತದೆ, ಕಾಲುಗಳು ಸೊಟ್ಟಗಾಗುತ್ತವೆ.

ಎಲ್ಲಕ್ಕಿಂತ ಕಷ್ಟದ ಸಂಗತಿ ಬೇರೆಯೇ ಇದೆ. ನಾಯಿಗೆ ನೋವಾದರೆ ಕುಂಯ್‌ಗುಡುತ್ತದೆ, ಕರುವಿಗೆ ಹಸಿವಾದರೆ ಅಂಬಾ ಎನ್ನುತ್ತದೆ. ಆಮೆ ಹಾಗೆ ಕೂಗಿ ಹೇಳುವುದಿಲ್ಲ. ದೇಹವನ್ನು ಬೆಚ್ಚಗಿಡಲು ಆಹಾರ ಖರ್ಚು ಮಾಡದ ಪ್ರಾಣಿಯಾದ್ದರಿಂದ, ಅದು ಬಹಳ ದಿನ ಸರಿಯಾದ ಊಟವಿಲ್ಲದೆಯೂ ಉಸಿರಾಡಿಕೊಂಡಿರುತ್ತದೆ. ‘ನಮ್ಮ ಆಮೆ ಚೆನ್ನಾಗಿದೆ, ತೊಂದರೆಯನ್ನೇ ಕೊಡುವುದಿಲ್ಲ’ ಎಂದು ಮನೆಯವರು ತಿಳಿದಿರುತ್ತಾರೆ. ಆದರೆ ಅದು ತಿಂಗಳುಗಟ್ಟಲೆ ನಿಧಾನವಾಗಿ ಸಾಯುತ್ತಿರಬಹುದು.

ಬೆಂಗಳೂರಿನ ಅಂಗಡಿಗಳಲ್ಲಿ ಇಗುವಾನ ಮರಿಯನ್ನು ಕಂಡು ಆಸೆಪಡುವ ಮಕ್ಕಳಿಗೂ ಈ ಮಾತು ಅನ್ವಯಿಸುತ್ತದೆ. ಗೇಣುದ್ದದ ಆ ಮರಿ ಬಾಲವೂ ಸೇರಿ ಒಂದೂವರೆ ಮೀಟರಿಗೂ ಹೆಚ್ಚು ಉದ್ದ ಬೆಳೆಯುತ್ತದೆ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಅದಕ್ಕೆ ಒಂದು ಕೋಣೆಯಷ್ಟು ಜಾಗ, ಶಾಖ ಕೊಡುವ ದೀಪ, ಅತಿನೇರಳೆ ದೀಪ ಬೇಕು. ನಮ್ಮ ಹಳ್ಳಿಗಳಲ್ಲಿ ಕರೆಂಟು ಹೋದರೆ ಅದರ ಗತಿ ಏನು? 2024ರ ನಿಯಮಗಳ ಪ್ರಕಾರ ಇಂಥ ಪ್ರಾಣಿ ಇಟ್ಟುಕೊಂಡವರು ಸರ್ಕಾರಕ್ಕೆ ತಿಳಿಸಿ ನೋಂದಾಯಿಸಬೇಕು. ಇನ್ನು ನಕ್ಷತ್ರ ಆಮೆ 30 ವರ್ಷಕ್ಕೂ ಹೆಚ್ಚು ಬದುಕಬಲ್ಲದು. ಇಂದು ಆರನೇ ತರಗತಿಯಲ್ಲಿರುವ ನೀವು 40 ದಾಟಿದಾಗಲೂ ಅದನ್ನು ನೋಡಿಕೊಳ್ಳುತ್ತಿರಬೇಕು!

ಚೀಲದಲ್ಲಿ ಹೋದ ಆಮೆಗಳು

ಒಂದು ಆಮೆಯನ್ನು ತಂದರೆ ಏನಾಯಿತು ಎಂದು ನೀವು ಕೇಳಬಹುದು. ಆದರೆ ಆಮೆ ಕೇಳುವವರು ನಮ್ಮೊಬ್ಬರೇ ಅಲ್ಲ. ಊರಿನವರಿಂದ ಸ್ವಲ್ಪ ಹಣಕ್ಕೆ ಕೊಂಡು, ಕಾಲು ತಲೆ ಹೊರಗೆ ಬಾರದಂತೆ ಟೇಪು ಸುತ್ತಿ, ಪೆಟ್ಟಿಗೆಗಳಲ್ಲಿ ತುಂಬಿ ವಿದೇಶಕ್ಕೆ ಸಾಗಿಸುವ ಕಳ್ಳರಿದ್ದಾರೆ. ಭಾರತದ ಒಂದೇ ಒಂದು ವ್ಯಾಪಾರ ಕೇಂದ್ರದಿಂದ ವರ್ಷಕ್ಕೆ ಕನಿಷ್ಠ 55,000 ನಕ್ಷತ್ರ ಆಮೆಗಳನ್ನು ಹಿಡಿಯಲಾಗುತ್ತಿದೆ ಎಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಆಮೆ ಇದ್ದರೆ ಮನೆಗೆ ಹಣ ಬರುತ್ತದೆ ಎಂಬ ನಂಬಿಕೆಯೂ ಈ ವ್ಯಾಪಾರಕ್ಕೆ ಕುಮ್ಮಕ್ಕು ಕೊಡುತ್ತದೆ. ಹಣ ಬರುವುದು ಮಾರುವವನಿಗೆ ಮಾತ್ರ!

ಹೆಣ್ಣು ಆಮೆ ಹಿಂಗಾಲಿನಿಂದ ಗುಳಿ ತೋಡಿ ಕೆಲವೇ ಮೊಟ್ಟೆಗಳನ್ನು ಇಡುತ್ತದೆ. ಮರಿ ಹೊರಬರಲು ತಿಂಗಳುಗಳು ಬೇಕು, ಆ ಮರಿ ಬೆಳೆದು ಮೊಟ್ಟೆ ಇಡಲು ವರ್ಷಗಳು ಬೇಕು. ಆದ್ದರಿಂದ ಕಳೆದುಕೊಂಡಷ್ಟು ಬೇಗ ಆಮೆಗಳ ಸಂಖ್ಯೆ ತುಂಬಿಕೊಳ್ಳುವುದಿಲ್ಲ.

ಹೋದ ಆಮೆಗಳು ಮರಳಿ ಬಂದದ್ದೂ ಉಂಟು. 2018ರ ನವೆಂಬರಿನಲ್ಲಿ ಸಿಂಗಪುರದಿಂದ 51 ನಕ್ಷತ್ರ ಆಮೆಗಳು ವಿಮಾನದಲ್ಲಿ ಬೆಂಗಳೂರಿಗೆ ಬಂದವು. ಆದರೆ ಹೀಗೆ ಬಂದ ಆಮೆಗಳನ್ನು ನೇರವಾಗಿ ಕಾಡಿಗೆ ಬಿಡುವಂತಿಲ್ಲ. ರೋಗವಿದೆಯೇ ಎಂದು ಮೊದಲು ಪರೀಕ್ಷಿಸಬೇಕು. ಗುಜರಾತಿನ ಆಮೆಗೂ ಕೋಲಾರದ ಆಮೆಗೂ ವಂಶವಾಹಿಗಳಲ್ಲಿ ವ್ಯತ್ಯಾಸವಿರುವುದರಿಂದ, ಯಾವ ಸೀಮೆಯದು ಎಂದು ತಿಳಿಯದೆ ಬಿಡುವುದೂ ಸರಿಯಲ್ಲ. ಹಿಡಿಯಲು ಒಂದು ನಿಮಿಷ ಸಾಕು, ಮರಳಿ ಮನೆ ಸೇರಿಸುವುದು ಬಹಳ ಕಷ್ಟ.

ಕಾನೂನು ಏನು ಹೇಳುತ್ತದೆ?

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಕ್ಷತ್ರ ಆಮೆಗೆ ರಕ್ಷಣೆ ಕೊಟ್ಟಿದೆ. 2022ರ ತಿದ್ದುಪಡಿಯ ನಂತರ ಅದು ಹುಲಿ, ಆನೆಗಳ ಜೊತೆ ಮೊದಲನೆಯ ಅನುಸೂಚಿಯಲ್ಲಿದೆ. ಅದನ್ನು ಹಿಡಿಯುವುದು, ಮನೆಯಲ್ಲಿ ಇಟ್ಟುಕೊಳ್ಳುವುದು, ಮಾರುವುದು ಜೈಲು ಶಿಕ್ಷೆಯಾಗುವ ಅಪರಾಧ. 2019ರಿಂದ ದೇಶ ದೇಶಗಳ ನಡುವೆ ಇದರ ವ್ಯಾಪಾರಕ್ಕೂ ಅಂತರರಾಷ್ಟ್ರೀಯ ಒಪ್ಪಂದದ ನಿಷೇಧವಿದೆ.

ಹಾಗಾದರೆ ಏನು ಮಾಡಬೇಕು?

• ಹೊಲ, ಗುಡ್ಡದಲ್ಲಿ ಆಮೆ ಕಂಡರೆ ದೂರದಿಂದ ನೋಡಿ, ಅದರ ಪಾಡಿಗೆ ಬಿಡಿ. ಅದು ದಾರಿ ತಪ್ಪಿಲ್ಲ, ತನ್ನ ಮನೆಯಲ್ಲೇ ಇದೆ.
• ರಸ್ತೆ ದಾಟುತ್ತಿದ್ದರೆ ದೊಡ್ಡವರಿಗೆ ಹೇಳಿ, ಅದು ಹೊರಟಿದ್ದ ದಿಕ್ಕಿನ ಅಂಚಿಗೇ ಅವರಿಂದ ಸೇರಿಸಿ. ಮುಟ್ಟಿದವರು ಸೋಪಿನಿಂದ ಕೈ ತೊಳೆಯಲೇಬೇಕು. ಸರೀಸೃಪಗಳ ಮೈಮೇಲೆ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಅದು ನಮಗೆ ಭೇದಿ, ಜ್ವರ ತರುತ್ತದೆ.
• ಗಾಯಗೊಂಡ ಆಮೆ ಸಿಕ್ಕರೆ, ಅಥವಾ ಯಾರಾದರೂ ಆಮೆ ಕೊಳ್ಳಲು ಬಂದರೆ, ನಿಮ್ಮ ಶಿಕ್ಷಕರಿಗೆ ತಿಳಿಸಿ. ಅವರು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಬಹುದು.
• ಈಗಾಗಲೇ ಮನೆಯಲ್ಲಿ ಆಮೆ ಇದ್ದರೆ ಕೆರೆಗೋ ಕಾಡಿಗೋ ಬಿಡಬೇಡಿ. ದೊಡ್ಡವರ ಮೂಲಕ ಅರಣ್ಯ ಇಲಾಖೆಗೆ ತಿಳಿಸಿ.

ಮಾಡಿ ನೋಡಿ

ಸಾಕದೆಯೂ ಸರೀಸೃಪಗಳ ಸ್ನೇಹ ಬೆಳೆಸಬಹುದು. ಶಾಲೆಯಿಂದ ಒಂದು ಉಷ್ಣತಾಮಾಪಕ ಪಡೆದುಕೊಳ್ಳಿ. ಬೆಳಿಗ್ಗೆ 8, ಮಧ್ಯಾಹ್ನ 12, ಸಂಜೆ 4 ಗಂಟೆಗೆ ಮೂರು ಕಡೆ ಅಳೆಯಿರಿ: ಬಿಸಿಲಿಗೆ ಕಾದ ಬಂಡೆಯ ಮೇಲೆ, ಮರದ ನೆರಳಿನ ನೆಲದಲ್ಲಿ, ತರಗತಿಯ ಒಳಗೆ. ಅದೇ ಹೊತ್ತಿಗೆ ಶಾಲೆಯ ಸುತ್ತ ಓತಿಕ್ಯಾತ ಎಲ್ಲಿ ಕುಳಿತಿದೆ ಎಂದು ಗುರುತು ಮಾಡಿ. ಕೋಲಾರದ ಅಂತರಗಂಗೆ ಬೆಟ್ಟದಂಥ ಕಡೆ ಬಂಡೆಗಳ ಮೇಲೆ ಓತಿಗಳು ಸುಲಭವಾಗಿ ಕಾಣಸಿಗುತ್ತವೆ. ಮಾಲೂರಿನವರು ನಿಮ್ಮ ತೋಟದ ಬೇಲಿಯಲ್ಲೇ ಹುಡುಕಬಹುದು. ಪೊದೆ, ಕಲ್ಲಿನ ಸಂದಿಗಳಿಗೆ ಕೈ ಹಾಕಬೇಡಿ, ಹಾವು ಇರಬಹುದು. ಒಂದು ವಾರದ ಅಂಕಿಗಳನ್ನು ಪಟ್ಟಿ ಮಾಡಿದರೆ, ಓತಿಕ್ಯಾತ ಯಾವ ಉಷ್ಣತೆಯಲ್ಲಿ ಎಲ್ಲಿಗೆ ಹೋಗುತ್ತದೆ ಎಂಬುದು ನಿಮಗೇ ತಿಳಿಯುತ್ತದೆ.

ಈಗ ಮತ್ತೆ ಆ ಬದುವಿನ ಬಳಿಗೆ ಬನ್ನಿ. ನೀವು ನಾಲ್ಕು ಹೆಜ್ಜೆ ಹಿಂದೆ ಸರಿದು, ಅಲುಗಾಡದೆ ನಿಂತಿದ್ದೀರಿ. ಸ್ವಲ್ಪ ಹೊತ್ತಿಗೆ ಚಿಪ್ಪಿನಿಂದ ಮೂಗು ಹೊರಬರುತ್ತದೆ, ಆಮೇಲೆ ಕಣ್ಣು, ಆಮೇಲೆ ಕಾಲು. ಮಳೆಗೆ ಚಿಗುರಿದ ಹುಲ್ಲನ್ನು ಒಂದು ಬಾಯಿ ಕಚ್ಚಿ, ನಕ್ಷತ್ರಗಳನ್ನು ಹೊತ್ತ ಆಮೆ ನಿಧಾನವಾಗಿ ಪೊದೆಯೊಳಗೆ ಹೋಗುತ್ತದೆ. ಮುಂದಿನ ವರ್ಷ ಮಳೆ ಬಂದಾಗ ಅದೇ ಬದುವಿನ ಮೇಲೆ ಅದನ್ನು ಮತ್ತೆ ನೋಡುವ ಅವಕಾಶ ನಿಮಗೆ ಉಳಿಯಿತು, ಅಲ್ಲವೇ?